ಪನಾಮ ಸಿಟಿಗೆ ಹೊರಟಿರಾ? ಮೊದಲು ಸೂಜಿ, ಆಮೇಲೆ ಸೂಟ್‌ಕೇಸ್

ಅಮೆರಿಕದಲ್ಲಿರುವ ಮಗನನ್ನು ನೋಡಲು ಹೋದ ನಮ್ಮ ಪಕ್ಕದ ಮನೆಯವರು, ಹೋದದ್ದೇ ಹೋದೆವು ಅಂತ ನಾಲ್ಕು ದಿನ ಪನಾಮ ಸಿಟಿಗೂ ಹೋಗಿ ಬಂದರು. ಮಯಾಮಿಯಿಂದ ಸುಮಾರು ಮೂರು ಗಂಟೆಯ ದಾರಿ. ಕಾಲುವೆ ನೋಡಿದರು, ಫೋಟೊ ಕಳಿಸಿದರು. ಎರಡು ದಿನ ಬಿಟ್ಟು ಊರಿಗೆ ವಾಪಸ್ ಬಂದರೆ, ವಿಮಾನ ನಿಲ್ದಾಣದ ಹೆಲ್ತ್ ಕೌಂಟರಿನಲ್ಲಿ ಒಂದು ಹಳದಿ ಪುಸ್ತಕ ಕೇಳಿದರು, ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡದ್ದಕ್ಕೆ ಪುರಾವೆ. ಅದು ಇರಲಿಲ್ಲ. ಮನೆ ಬೀಗ ತೆಗೆಯಬೇಕಾದವರು ಕ್ವಾರಂಟೈನ್ ಕೋಣೆ ಸೇರಿದರು. ಇದೇ ತಪ್ಪು ನಾನು ನೋಡಿದ್ದು ಇದು ಮೂರನೇ ಸಲ.

ಮೊದಲು ವೀಸಾ. ಅಮೆರಿಕ, ಕೆನಡಾ, ಬ್ರಿಟನ್ ಅಥವಾ ಯುರೋಪಿನ ಷೆಂಗೆನ್ ಕೂಟದ ಮಲ್ಟಿಪಲ್ ಎಂಟ್ರಿ ವೀಸಾ ಇದ್ದು, ಒಮ್ಮೆಯಾದರೂ ಬಳಸಿದ್ದರೆ ಬೇರೆ ವೀಸಾ ಬೇಡ. ಇಲ್ಲದಿದ್ದರೆ ದೆಹಲಿಯ ಪನಾಮ ರಾಯಭಾರ ಕಚೇರಿಗೆ ಅರ್ಜಿ ಹಾಕಿ. ವೀಸಾದಲ್ಲಿ ಎಷ್ಟು ತಿಂಗಳು ಬಾಕಿ ಇರಬೇಕು ಎಂಬ ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ಕೊಳ್ಳುವ ಮುಂಚೆ ನೋಡಿಕೊಳ್ಳಿ. ಅಮೆರಿಕದ ಮೂಲಕ ಹೋಗುವ ಅಗ್ಗದ ಟಿಕೆಟ್ ಕಂಡು ಮರುಳಾಗಬೇಡಿ. ಅಲ್ಲಿ ಬರೀ ವಿಮಾನ ಬದಲಿಸುವುದಕ್ಕೂ ವೀಸಾ ಬೇಕು.

ಈಗ ಸೂಜಿ. ಹಳದಿ ಜ್ವರ ಅಂದರೆ ಕಾಮಾಲೆ ಅಲ್ಲ. ಸೊಳ್ಳೆ ಹರಡುವ ವೈರಸ್ ಕಾಯಿಲೆ, ಯೆಲ್ಲೋ ಫೀವರ್. ಭಾರತದಿಂದ ಹೋದವರನ್ನು ಪನಾಮದಲ್ಲಿ ಈ ಬಗ್ಗೆ ಕೇಳುವುದಿಲ್ಲ. ಅದಕ್ಕೇ ಜನ ಮರೆಯುವುದು. ಕೇಳುವುದು ನಮ್ಮವರು, ವಾಪಸ್ ಬಂದಾಗ. ನಮ್ಮಲ್ಲಿ ಈ ರೋಗ ಇಲ್ಲ, ಆದರೆ ಅದನ್ನು ಹೊರುವ ಸೊಳ್ಳೆ ಧಾರಾಳವಾಗಿದೆ: ಡೆಂಗಿ ತರುವ ಅದೇ ಈಡಿಸ್. ಒಬ್ಬ ರೋಗಿ ಬಂದಿಳಿದರೆ ಸಾಕು ಎಂಬ ಭಯ. ಸುಮ್ನೆ ಭಯವೂ ಅಲ್ಲ. 1881ರಲ್ಲಿ ಕಾಲುವೆ ತೋಡಲು ಶುರು ಮಾಡಿದ ಫ್ರೆಂಚರು ಹಳದಿ ಜ್ವರ, ಮಲೇರಿಯಾಗಳಿಗೆ ಸಾವಿರಾರು ಜನರನ್ನು ಕಳೆದುಕೊಂಡರು. ಆಮೇಲೆ ಬಂದ ಅಮೆರಿಕನ್ನರು ಡಾ. ವಿಲಿಯಂ ಗೋರ್ಗಸ್ ಮಾತು ಕೇಳಿ ಮೊದಲು ನೀರಿನ ತೊಟ್ಟಿ ಮುಚ್ಚಿಸಿದರು, ಮನೆಮನೆಗೆ ಹೊಗೆ ಹಾಕಿಸಿದರು. ಕಾಲುವೆ ತೆರೆದದ್ದು 1914ರಲ್ಲಿ. ಇವತ್ತು ಅಪಾಯ ಇರುವುದು ಮುಖ್ಯವಾಗಿ ಪೂರ್ವದ ದಾರಿಯೆನ್ ಕಾಡಿನ ಕಡೆ. ಆದರೆ ನಮ್ಮ ಸರ್ಕಾರದ ಪಟ್ಟಿಯಲ್ಲಿರುವುದು ಇಡೀ ದೇಶದ ಹೆಸರು. 'ನಾವು ಸಿಟಿ ಬಿಟ್ಟು ಕದಲಿಲ್ಲ' ಅನ್ನುವ ವಾದ ನಡೆಯುವುದಿಲ್ಲ.

ಲೆಕ್ಕ ಹೀಗೆ. ಲಸಿಕೆ ಹಾಕಿಸಿಕೊಂಡ 10 ದಿನಕ್ಕೆ ಪುಸ್ತಕಕ್ಕೆ ಬೆಲೆ ಬರುತ್ತದೆ. ಆಮೇಲೆ ಜೀವಮಾನ ಪೂರ್ತಿ ನಡೆಯುತ್ತದೆ. 10 ವರ್ಷಕ್ಕೊಮ್ಮೆ ಹಾಕಿಸುವ ಹಳೆಯ ನಿಯಮ 2016ರಲ್ಲೇ ಹೋಯಿತು. ಪನಾಮ ಬಿಟ್ಟ 6 ದಿನದೊಳಗೆ ಭಾರತಕ್ಕೆ ಬಂದರೆ ಪುಸ್ತಕ ಬೇಕೇ ಬೇಕು, ಮಧ್ಯೆ ಯಾವ ದೇಶದಲ್ಲಿ ಇಳಿದಿದ್ದರೂ ಸರಿ. ಪಕ್ಕದ ಮನೆಯವರು 'ನಾವು ಬರ್ತಿರೋದು ಅಮೆರಿಕದಿಂದ ತಾನೇ' ಅಂದುಕೊಂಡಿದ್ದರು. ಮಗನ ಮನೆಯಲ್ಲಿ ಇನ್ನೊಂದು ವಾರ ಕೂತಿದ್ದರೆ ಮುಗಿದಿತ್ತು.

ಲಸಿಕೆಯನ್ನು ಸರ್ಕಾರ ಒಪ್ಪಿದ ಕೇಂದ್ರದಲ್ಲೇ ಹಾಕಿಸಬೇಕು. ಪಟ್ಟಿ ಕೇಂದ್ರ ಆರೋಗ್ಯ ಸಚಿವಾಲಯದ ವೆಬ್‌ಸೈಟಿನಲ್ಲಿದೆ. ಒಂದು ಸೀಸೆಯಲ್ಲಿ ಹಲವರಿಗಾಗುವಷ್ಟು ಔಷಧಿ. ತೆರೆದ ಮೇಲೆ ಕೆಲವೇ ಗಂಟೆ ಉಳಿಯುತ್ತದೆ. ಅದಕ್ಕೇ ಹಲವು ಕಡೆ ವಾರದಲ್ಲಿ ಗೊತ್ತಾದ ದಿನ ಮಾತ್ರ ಹಾಕುತ್ತಾರೆ. ಹೊರಡುವ ಒಂದು ತಿಂಗಳ ಮುಂಚೆಯೇ ಸರದಿ ಹಿಡಿಯಿರಿ. ಅಸಲಿ ಪಾಸ್‌ಪೋರ್ಟ್ ಒಯ್ಯಿರಿ. ಪುಸ್ತಕದಲ್ಲಿ ಬರೆದ ನಂಬರ್, ಹೆಸರಿನ ಸ್ಪೆಲಿಂಗ್ ಅಲ್ಲೇ ನಿಂತು ಓದಿ, ಸೀಲು ಬಿದ್ದಿದೆಯಾ ನೋಡಿ. ಮೊಟ್ಟೆಯ ಅಲರ್ಜಿ ಇರುವವರು, ಗರ್ಭಿಣಿಯರು, 60 ದಾಟಿದವರು ಮೊದಲು ಡಾಕ್ಟರನ್ನು ಕೇಳಬೇಕು. 'ಸೂಜಿ ಬೇಡ, ಕಾರ್ಡ್ ಮಾಡಿಸಿಕೊಡ್ತೀವಿ' ಅನ್ನುವ ಏಜೆಂಟ್ ಸಿಕ್ಕರೆ ಎದ್ದು ಬನ್ನಿ.

ಉಳಿದದ್ದು ಸಲೀಸು. ಡಿಸೆಂಬರ್ ಮಧ್ಯದಿಂದ ಏಪ್ರಿಲ್‌ವರೆಗೆ ಮಳೆ ಕಡಿಮೆ. ದುಡ್ಡು ಡಾಲರ್, ಬಾಲ್ಬೋವಾ ಅನ್ನುವುದು ಅವರ ಸ್ವಂತ ಹಣ, ಆದರೆ ನಾಣ್ಯ ಮಾತ್ರ, ನೋಟಿಲ್ಲ. 50, 100ರ ನೋಟು ಕಂಡರೆ ಸಣ್ಣ ಅಂಗಡಿಯವರು ಮುಖ ತಿರುಗಿಸುತ್ತಾರೆ, ಚಿಲ್ಲರೆ ಇಟ್ಟುಕೊಳ್ಳಿ. ರೂಮಿಗೆ ಎಲ್ ಕಾಂಗ್ರೆಹೊ ಬಡಾವಣೆ ಸಾಕು, ಮೆಟ್ರೊ ಹತ್ತಿರ. ಹಳೆಯ ಪೇಟೆ ಕಾಸ್ಕೊ ವಿಯೆಹೊ ಚೆಂದ ನಿಜ, ಆದರೆ ವಾರಾಂತ್ಯದಲ್ಲಿ ಬಾರುಗಳ ಗದ್ದಲಕ್ಕೆ ನಿದ್ದೆ ಬರುವುದಿಲ್ಲ. ಅದಕ್ಕೆ ಅಂಟಿಕೊಂಡ ಎಲ್ ಚೊರಿಯೊ ಕಡೆ ನಡೆದು ಹೋಗಲೇಬೇಡಿ.

ನೀರು ತುಂಬಿಸಿ, ಖಾಲಿ ಮಾಡಿ ಹಡಗನ್ನು ಏರಿಸುವ, ಇಳಿಸುವ ಕಾಲುವೆಯ ಕಟ್ಟೆ ಮಿರಾಫ್ಲೋರೆಸ್ ಲಾಕ್ ನೋಡಲು ಮಧ್ಯಾಹ್ನ ಹೋಗುವುದು ಇನ್ನೊಂದು ದಡ್ಡತನ. ದೊಡ್ಡ ಹಡಗುಗಳು ಬೆಳಿಗ್ಗೆ ಒಂದು ದಿಕ್ಕಿಗೆ, ಮಧ್ಯಾಹ್ನದ ಮೇಲೆ ಎದುರು ದಿಕ್ಕಿಗೆ ಸಾಗುತ್ತವೆ. ನಡುವೆ ಕೆಲವು ಗಂಟೆ ಖಾಲಿ ನೀರು. ಟಿಕೆಟ್ ತೆತ್ತು ಖಾಲಿ ನೀರು ನೋಡಿ ಬಂದವರು ಬೇಕಾದಷ್ಟಿದ್ದಾರೆ. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಸಮುದ್ರಮಟ್ಟದಿಂದ 26 ಮೀಟರ್ ಎತ್ತರದ ಗಾಟುನ್ ಕೆರೆಗೆ ಹಡಗು ಏರುವುದು ಮೂರು ಮೆಟ್ಟಿಲಲ್ಲಿ. ಅದರಲ್ಲಿ ಎರಡು ಇಲ್ಲೇ.

ಸಸ್ಯಾಹಾರಿಗಳು 'ಸಿನ್ ಕಾರ್ನೆ' ಅಂದರೆ ಸಾಲದು. ಮಾಂಸ ಬಿಟ್ಟು ಕೋಳಿ ತಂದಿಡುತ್ತಾರೆ. 'ಸಿನ್ ಪೊಯೊ, ಸಿನ್ ಪೆಸ್ಕಾದೊ' ಅಂತಲೂ ಸೇರಿಸಿ: ಕೋಳಿ ಬೇಡ, ಮೀನು ಬೇಡ. ಏನೂ ಸಿಗದಿದ್ದರೆ ಪಟಕೋನೆಸ್ ಇದೆ. ಬಾಳೆಕಾಯಿ ಕರಿದು, ಜಜ್ಜಿ, ಮತ್ತೆ ಕರಿದದ್ದು.

ಪನಾಮ ಟೋಪಿ ಕೊಳ್ಳಲು ಹೋಗಬೇಡಿ, ಅದು ಈಕ್ವೆಡಾರ್ ದೇಶದ ಸರಕು. ಅಲ್ಲಿನ ಮೂಲನಿವಾಸಿ ಗುನಾ ಜನಾಂಗದ ಹೆಂಗಸರು ಹೊಲಿಯುವ ಮೋಲಾ ಬಟ್ಟೆ ತನ್ನಿ. ತಿರುಗಿಸಿ ನೋಡಿ, ಹಿಂದೆ ಕೈಹೊಲಿಗೆ ಕಾಣಬೇಕು. ಪ್ರಿಂಟ್ ಮಾಡಿದ್ದೂ ಮಾರುತ್ತಾರೆ.

ಬರುವ ದಿನ ಮೋಲಾ ಚೆಕ್-ಇನ್ ಬ್ಯಾಗಿಗೆ ಹೋಗಲಿ, ಹಳದಿ ಪುಸ್ತಕ ಪಾಸ್‌ಪೋರ್ಟ್ ಜೊತೆ ಕೈಯಲ್ಲಿರಲಿ. ಅದನ್ನು ಕೇಳುವ ಕೌಂಟರ್ ಬ್ಯಾಗಿನ ಬೆಲ್ಟಿಗಿಂತ ಮೊದಲು ಸಿಗುತ್ತದೆ.