ಹಳೇ ಮನೆ ಕಿಟಕಿ: ಮೊದಲು ಮೇಲೆ ನೋಡಿ, ಆಮೇಲೆ ಕೀಳಿ

ಮೈಸೂರಿನ ಕೃಷ್ಣಮೂರ್ತಿಪುರಂ, ಚಾಮರಾಜಪುರಂ ಕಡೆಯ ಹಳೇ ಮನೆಗಳಲ್ಲಿ ಕಿಟಕಿ ಬಾಗಿಲು ಮುಚ್ಚೋಕೆ ಆಗುತ್ತಿಲ್ಲ ಅಂದರೆ ಮೊದಲು ಕರೆಸುವುದು ಬಡಗಿಯನ್ನು. ಅವರು ಬಂದು ಉಜ್ಜುಗೊರಡಿನಲ್ಲಿ ಒಂದಿಷ್ಟು ಕೀಸಿ ಹೋಗುತ್ತಾರೆ. ಮುಂದಿನ ವರ್ಷ ಮತ್ತೆ ಅದೇ ಕಥೆ. ಮಳೆಗಾಲದಲ್ಲಿ ಮಾತ್ರ ಬಿಗಿಯಾದರೆ ಅದು ಮರ ಉಬ್ಬಿದ್ದು, ಬಿಡಿ. ಬೇಸಿಗೆಯಲ್ಲೂ ಬಿಗಿಯಾಗಿದ್ದರೆ ಮೇಲಿನ ಗೋಡೆ ಚೌಕಟ್ಟಿನ ಮೇಲೆ ಕೂತಿರಬಹುದು.

ಪರೀಕ್ಷೆ ಸುಲಭ. ಚೌಕಟ್ಟಿನ ಮೇಲಿನ ಪಟ್ಟಿಗೆ ಮೂಲೆಯಿಂದ ಮೂಲೆಗೆ ದಾರ ಎಳೆದು ಹಿಡಿಯಿರಿ. ನಡುವೆ ಮರ ಕೆಳಗೆ ಬಾಗಿದೆಯಾ? ಕಿಟಕಿಯ ಮೇಲಿನ ಮೂಲೆಗಳಿಂದ ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಹತ್ತಿದೆಯಾ? ಆಗಿನ ಕಾಲದ ಬಹಳಷ್ಟು ಮನೆಗಳಲ್ಲಿ ಕಾಂಕ್ರೀಟ್ ಲಿಂಟಲ್ (ಕಿಟಕಿ ಮೇಲಿನ ಗೋಡೆಯ ಭಾರ ಹೊರುವ ಅಡ್ಡಪಟ್ಟಿ) ಇಲ್ಲ. ಮಣ್ಣು ಅಥವಾ ಸುಣ್ಣದ ಗಾರೆಯಲ್ಲಿ ಕಟ್ಟಿದ ದಪ್ಪ ಇಟ್ಟಿಗೆ ಗೋಡೆ, ಕಿಟಕಿ ಮೇಲೆ ಮರದ ದಪ್ಪ ಹಲಗೆ. ಗೆದ್ದಲು ಹಿಡಿದರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಪೇಂಟ್ ಚೆನ್ನಾಗಿಯೇ ಇರುತ್ತದೆ, ಸ್ಕ್ರೂಡ್ರೈವರ್ ಚುಚ್ಚಿದರೆ ಹಿಡಿವರೆಗೂ ಇಳಿಯುತ್ತದೆ.

ಇಂಥ ಕಡೆ ಚೌಕಟ್ಟನ್ನು ಮೊದಲೇ ಕಿತ್ತರೆ ಮೇಲಿನ ಇಟ್ಟಿಗೆ ತಲೆ ಮೇಲೆ ಬೀಳುತ್ತದೆ. ಕಿಟಕಿ ಬದಲಿಸುವ ಕೆಲಸದಲ್ಲಿ ಲಿಂಟಲ್ ಮೊದಲು, ಕಿಟಕಿ ಕೀಳುವುದು ಆಮೇಲೆ. "ಏನೂ ಆಗಲ್ಲ ಸಾರ್, ಕಿತ್ತು ಇಟ್ಟುಬಿಡೋಣ" ಅನ್ನುವ ಮೇಸ್ತ್ರಿಯನ್ನು ಸುಮ್ನೆ ವಾಪಸ್ ಕಳಿಸಿ.

ಶುರು ಮಾಡುವ ಮುಂಚೆ ಸೂರಿನ ತೊಲೆಗಳ ತುದಿ ಎಲ್ಲಿ ಕೂತಿವೆ ನೋಡಿ. ಇಟ್ಟಿಗೆಗಳು ಒಂದಕ್ಕೊಂದು ಆತುಕೊಂಡು ಭಾರವನ್ನು ಅಕ್ಕಪಕ್ಕಕ್ಕೆ ದಾಟಿಸುತ್ತವೆ, ಲಿಂಟಲ್ ಪಾಲಿಗೆ ಬರುವುದು ಕಿಟಕಿ ಮೇಲಿನ ತ್ರಿಕೋನದಷ್ಟು ಗೋಡೆ ಮಾತ್ರ. ಆದರೆ ತೊಲೆ ಕಿಟಕಿ ಮೇಲೆಯೇ ಕೂತಿದ್ದರೆ ಲೆಕ್ಕ ಬೇರೆ. ಆಗ ಇಂಜಿನಿಯರ್ ಒಬ್ಬರು ಬಂದು ನೋಡದೆ ಕೈ ಹಾಕಬೇಡಿ. ಕೆಲಸಕ್ಕೆ ಸಂಕ್ರಾಂತಿಯಿಂದ ಯುಗಾದಿವರೆಗಿನ ಒಣ ದಿನಗಳೇ ಒಳ್ಳೆಯದು.

1. ಲಿಂಟಲ್ ಎರಕ. 4 ಅಡಿ ಅಗಲದ ಕಿಟಕಿಗೆ ಎರಡೂ ಕಡೆ 9 ಇಂಚು ಗೋಡೆ ಮೇಲೆ ಕೂರಬೇಕು, ಅಂದರೆ ಉದ್ದ ಐದೂವರೆ ಅಡಿ. 14 ಇಂಚಿನ ಗೋಡೆಗೆ 7 ಇಂಚು ಅಗಲ, 6 ಇಂಚು ದಪ್ಪದ ಎರಡು ಲಿಂಟಲ್ ಅಂಗಳದಲ್ಲೇ ಎರೆದು 14 ದಿನ ನೀರುಣಿಸಿ. ಮುಖ್ಯ ಕಂಬಿ ಇರುವುದು ಕೆಳಭಾಗದಲ್ಲಿ. ಎರಕ ಹಸಿ ಇರುವಾಗಲೇ ಮೇಲ್ಮುಖದಲ್ಲಿ ಮೊಳೆಯಿಂದ "ಮೇಲೆ" ಅಂತ ಕೆತ್ತಿಬಿಡಿ, ತಲೆಕೆಳಗಾಗಿ ಇಟ್ಟರೆ ಲಿಂಟಲ್ ಮುರಿಯುತ್ತದೆ. ಒಂದೊಂದೂ ನೂರು ಕೆಜಿಗೂ ಜಾಸ್ತಿ ತೂಗುವುದರಿಂದ ಎತ್ತಲು ನಾಲ್ಕು ಜನ ಇರಲಿ. ನಮ್ಮ ಕಡೆ ಕಲ್ಲು ಚಪ್ಪಡಿಯೂ ಸಿಗುತ್ತದೆ, ಚಿಕ್ಕ ಕಿಟಕಿಗೆ ಪರವಾಗಿಲ್ಲ. ಅಗಲ ಕಿಟಕಿಗೆ ಬೇಡ, ಕಲ್ಲು ಬಾಗಿ ಸೂಚನೆ ಕೊಡುವುದಿಲ್ಲ, ನೇರ ಮುರಿಯುತ್ತದೆ.

2. ಆಸರೆ. ಹಳೇ ಹಲಗೆಗಿಂತ ಸುಮಾರು ಒಂದಡಿ ಮೇಲೆ ಗೋಡೆಯಲ್ಲಿ ಎರಡು ತೂತು ಕೊರೆದು, ಕಬ್ಬಿಣದ ಗರ್ಡರ್ ತುಂಡುಗಳನ್ನು ಆರಪಾರ ತೂರಿಸಿ. ಒಳಗೂ ಹೊರಗೂ ಜಾಕಿ ಕೊಡಿ. ಜಾಕಿ ಕೆಳಗೆ ದಪ್ಪ ಹಲಗೆ ಇಲ್ಲದಿದ್ದರೆ ಹೊರಗೆ ಮಣ್ಣಿಗೆ ಇಳಿಯುತ್ತದೆ, ಒಳಗೆ ರೆಡ್ ಆಕ್ಸೈಡ್ ನೆಲ ಸೀಳುತ್ತದೆ. ಬಿಗಿ ಸಿಕ್ಕಿದ ಕೂಡಲೇ ತಿರುಗಿಸುವುದು ನಿಲ್ಲಿಸಿ. ಗೋಡೆಯನ್ನು ಹಿಡಿದರೆ ಸಾಕು, ಎತ್ತಬಾರದು.

3. ಅರ್ಧರ್ಧ ಗೋಡೆ. ಮೊದಲು ಹೊರಗಿನಿಂದ ಗೋಡೆಯ ಅರ್ಧ ದಪ್ಪದಷ್ಟು ಮಾತ್ರ ಹಳೇ ಹಲಗೆ, ಇಟ್ಟಿಗೆ ಬಿಡಿಸಿ ಒಂದು ಲಿಂಟಲ್ ಕೂರಿಸಿ. ಅದರ ಮೇಲೆ ಉಳಿಯುವ ಸಂದಿನಲ್ಲೇ ಹೆಚ್ಚಿನವರು ಎಡವುವುದು. ತೆಳ್ಳಗೆ ಕಲಸಿದ ಗಾರೆ ಸುರಿದರೆ ಒಣಗಿ ಕುಗ್ಗುತ್ತದೆ, ಗೋಡೆ ಮತ್ತೆ ಅಷ್ಟು ಕೆಳಗಿಳಿಯುತ್ತದೆ. ಒಂದಕ್ಕೆ ಮೂರು ಸಿಮೆಂಟ್ ಮರಳಿಗೆ ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲುವಷ್ಟೇ ನೀರು ಹಾಕಿ, ಕಲ್ಲಿನ ಚಕ್ಕೆ ಸೇರಿಸಿ, ಮರದ ತುಂಡಿನಿಂದ ಬಡಿದು ಬಡಿದು ತುಂಬಿಸಿ. ವಾರ ಬಿಟ್ಟು ಒಳಗಿನ ಅರ್ಧವನ್ನೂ ಹೀಗೇ ಮಾಡಿ. ಇನ್ನೊಂದು ವಾರ ಆದ ಮೇಲೆ ಜಾಕಿಗಳನ್ನು ಒಂದೊಂದಾಗಿ, ನಿಧಾನವಾಗಿ ಸಡಿಲಿಸಿ.

4. ಚೌಕಟ್ಟು. ಈಗ ಹಳೇ ಕಿಟಕಿ ಕೀಳಬಹುದು. ಹಾರೆ ಹಾಕಿ ಮೀಟಬೇಡಿ, ಪಕ್ಕದ ಪಟ್ಟಿಗಳನ್ನು ನಡುವೆ ಗರಗಸದಲ್ಲಿ ಕೊಯ್ದು ಒಳಕ್ಕೆ ಎಳೆಯಿರಿ, ಗೋಡೆ ಹಾಳಾಗುವುದಿಲ್ಲ. ಹೊಸ ಚೌಕಟ್ಟಿನ ಗೋಡೆ ಕಡೆಯ ಮುಖಕ್ಕೆ ಟಾರು ಬಳಿಯಿರಿ. ತೂಗುಗುಂಡು, ರಸಮಟ್ಟ ಹಿಡಿದು ಕೂರಿಸಿ ಹೋಲ್ಡ್‌ಫಾಸ್ಟ್ (ಚೌಕಟ್ಟನ್ನು ಗೋಡೆಗೆ ಹಿಡಿಸುವ ಕಬ್ಬಿಣದ ಪಟ್ಟಿ) ಹಾಕಿಸಿ. ಲಿಂಟಲ್‌ಗೂ ಚೌಕಟ್ಟಿಗೂ ನಡುವೆ ಬೆರಳು ಸೇರುವಷ್ಟು ಸಂದು ಇರಲೇಬೇಕು, ಅದನ್ನು ಗಟ್ಟಿ ಸಿಮೆಂಟಿನಿಂದ ಮುಚ್ಚಬೇಡಿ. ಕಿಟಕಿ ಕೆಳಗಿನ ಹೊರ ಅಂಚು ಮಳೆನೀರು ಹರಿಯುವಂತೆ ಹೊರಕ್ಕೆ ಇಳಿಜಾರಾಗಿರಲಿ.

ಮೂಲೆಯ ಬಿರುಕಿಗೆ ಕೂಡಲೇ ಪುಟ್ಟಿ ಹಾಕಿಸಬೇಡಿ. ಅದರ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದಿಡಿ. ಒಂದು ಮಳೆಗಾಲ ಕಳೆದರೂ ಬಿರುಕು ಗೆರೆ ದಾಟದಿದ್ದರೆ ಪೇಂಟರ್‌ಗೆ ಹೇಳಿ. ದಾಟಿದರೆ ತೊಂದರೆ ಪಾಯದಲ್ಲಿರಬಹುದು, ಅದಕ್ಕೆ ಇಂಜಿನಿಯರೇ ಬರಬೇಕು.