ಜಿಲ್ಲಾ ಆಸ್ಪತ್ರೆಯ ಶವಾಗಾರ: ಮೇಲ್ವಿಚಾರಕರ ದಿನದ ಕೆಲಸ

ಶವಾಗಾರದಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವನ್ನು ಮರುದಿನ ಸರಿಪಡಿಸಬಹುದು. ಎರಡನ್ನು ಮಾತ್ರ ಆಗದು. ಒಬ್ಬರ ದೇಹ ಇನ್ನೊಬ್ಬರ ಮನೆಗೆ ಹೋಗಿ ಅಂತ್ಯಕ್ರಿಯೆ ಮುಗಿದುಬಿಡುವುದು ಒಂದು. ವೈದ್ಯರು ನೋಡುವ ಮೊದಲೇ ಸಾಕ್ಷ್ಯ ಹಾಳಾಗುವುದು ಇನ್ನೊಂದು. ಮೇಲ್ವಿಚಾರಕರು ಇಡೀ ದಿನದ ಕೆಲಸವನ್ನು ಈ ಎರಡಕ್ಕೆ ಅವಕಾಶವೇ ಸಿಗದಂತೆ ಹೊಂದಿಸಿಕೊಳ್ಳಬೇಕು. ಇವೆರಡೂ ಆಗುವುದು ಬಹುಪಾಲು ದಣಿದ, ರಕ್ಷಣೆಯಿಲ್ಲದ, ಒಬ್ಬಂಟಿಯಾಗಿ ದುಡಿಯುವ ಸಿಬ್ಬಂದಿಯ ಕೈಯಲ್ಲಿ. ಆದ್ದರಿಂದ ಸಿಬ್ಬಂದಿಯನ್ನು ನೋಡಿಕೊಳ್ಳುವುದೂ ಸಾಕ್ಷ್ಯವನ್ನು ಕಾಯುವುದೂ ಬೇರೆ ಬೇರೆ ಕೆಲಸಗಳಲ್ಲ.

ಬೆಳಗಿನ ಮೊದಲ ಅರ್ಧ ಗಂಟೆ

ರಾತ್ರಿ ಪಾಳಿಯವರು ಹೊರಡುವ ಮುನ್ನ ಅವರ ಜೊತೆಯಲ್ಲೇ ಎಣಿಕೆ ಮಾಡಿ. ರಿಜಿಸ್ಟರಿನಲ್ಲಿ ಎಷ್ಟು ಶವ, ಟ್ರೇಗಳಲ್ಲಿ ಎಷ್ಟು, ಎರಡೂ ಹೊಂದಬೇಕು. ಪ್ರತಿ ಟ್ರೇ ಹೊರಗೆಳೆದು ಚೀಟಿ ಓದಿ. ಬಾಗಿಲ ಮೇಲೆ ಬರೆದ ಹೆಸರನ್ನು ನಂಬಬೇಡಿ. ರಾತ್ರಿ ಜಾಗ ಸಾಲದೆ ಶವವನ್ನು ಒಂದು ಟ್ರೇಯಿಂದ ಇನ್ನೊಂದಕ್ಕೆ ಬದಲಿಸಿರುತ್ತಾರೆ, ಬಾಗಿಲ ಮೇಲಿನ ಬರಹ ಹಳೆಯದೇ ಉಳಿದಿರುತ್ತದೆ.

ಆಮೇಲೆ ಉಷ್ಣಾಂಶ. ಪರೀಕ್ಷೆಗೆ ಕಾದಿರುವ ಶವಗಳ ಫ್ರೀಜರ್ 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬೇಕು. ಎಲ್ಲರೂ ಫ್ರೀಜರ್ ಎಂದೇ ಕರೆದರೂ ಹೆಪ್ಪುಗಟ್ಟಿಸುವುದು ಅದರ ಕೆಲಸವಲ್ಲ. ಪರೀಕ್ಷೆಗೆ ಮುನ್ನ ದೇಹ ಹೆಪ್ಪುಗಟ್ಟಿದರೆ ಜೀವಕೋಶಗಳು ಒಡೆದು ಹಿಸ್ಟೋಪೆಥಾಲಜಿಗೆ (ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಗೆ) ತೆಗೆದ ತುಣುಕು ಉಪಯೋಗಕ್ಕೆ ಬರುವುದಿಲ್ಲ, ಕರಗುವಾಗ ರಕ್ತಕಣಗಳೂ ಒಡೆಯುತ್ತವೆ. ಮೈನಸ್ 20 ಡಿಗ್ರಿಯ ಪೆಟ್ಟಿಗೆ ಇದ್ದರೆ ಅದನ್ನು ಪರೀಕ್ಷೆ ಮುಗಿದು ಬಹಳ ದಿನ ಇಡಬೇಕಾದ ಅಪರಿಚಿತ ಶವಗಳಿಗೆ ಮೀಸಲಿಡಿ. ಫಲಕದಲ್ಲಿ ಕಾಣುವ ಅಂಕಿ ಸಾಮಾನ್ಯವಾಗಿ ತಂಪು ಗಾಳಿ ಬರುವ ಕಡೆಯದು. ಬಾಗಿಲ ಹತ್ತಿರ ಒಂದು ಪ್ರತ್ಯೇಕ ಡಿಜಿಟಲ್ ಥರ್ಮಾಮೀಟರ್ ಇಟ್ಟು ದಿನಕ್ಕೆ 3 ಬಾರಿ ಬರೆಸಿ. ಅಂಕಿ ಮೇಲಕ್ಕೇರುತ್ತಿದ್ದರೆ ಮೊದಲು ಬಾಗಿಲಿನ ರಬ್ಬರ್ ನೋಡಿ: ಕಾಗದದ ಚೂರೊಂದನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆದಾಗ ಸಲೀಸಾಗಿ ಬಂದರೆ ರಬ್ಬರ್ ಸವೆದಿದೆ. ಅದು ಸರಿಯಿದ್ದರೆ ಹಿಂದಿನ ಕಾಯಿಲ್ ಮೇಲೆ ಕೂತ ದೂಳು. ಇವೆರಡೂ ಅಲ್ಲದಿದ್ದರೆ ಮೆಕ್ಯಾನಿಕ್‌ಗೆ ಹೇಳಿ.

ಜನರೇಟರ್ ಲೈನಿಗೆ ಶವಾಗಾರ ಸೇರಿದೆಯೇ ಎಂಬುದನ್ನು ಕಾಗದದಲ್ಲಿ ನೋಡಬೇಡಿ. ತಿಂಗಳಿಗೊಮ್ಮೆ ಎಲೆಕ್ಟ್ರಿಷಿಯನ್ ಎದುರಿಗೇ ಮೇನ್ ಆಫ್ ಮಾಡಿಸಿ, ಕಂಪ್ರೆಸರ್ ಮತ್ತೆ ಶುರುವಾಗುವುದನ್ನು ಕಿವಿಯಾರೆ ಕೇಳಿ. ಹಳೆಯ ಕಟ್ಟಡಗಳಲ್ಲಿ ಆಪರೇಷನ್ ಥಿಯೇಟರ್, ಐಸಿಯುಗಳಿಗೆ ಎಳೆದ ಲೈನ್ ಹಿತ್ತಲಿನ ಶವಾಗಾರದವರೆಗೆ ಬಂದಿರುವುದೇ ಇಲ್ಲ.

ಶವ ಬಂದಾಗ

ಪೊಲೀಸ್ ಪತ್ರ ಅಥವಾ ವಾರ್ಡಿನ ಚೀಟಿ ಇಲ್ಲದೆ ಶವ ಒಳಗೆ ತೆಗೆದುಕೊಳ್ಳಬೇಡಿ. ತಂದವರ ಹೆಸರು, ಠಾಣೆ, ಯುಡಿಆರ್ (ಅಸಹಜ ಸಾವಿನ ವರದಿ) ಅಥವಾ ಅಪರಾಧ ಸಂಖ್ಯೆ, ಎಂಎಲ್‌ಸಿ (ಆಸ್ಪತ್ರೆಯ ವೈದ್ಯಕೀಯ-ಕಾನೂನು ಪ್ರಕರಣ) ಸಂಖ್ಯೆ, ಬಂದ ವೇಳೆ, ಫ್ರೀಜರಿಗಿಟ್ಟ ವೇಳೆ, ಇಷ್ಟೂ ಆಗಲೇ ಬರೆಯಿರಿ. ಕೊನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಸಾವಿನ ಹೊತ್ತನ್ನು ಅಂದಾಜು ಮಾಡುವ ವೈದ್ಯರಿಗೆ ದೇಹ ಎಷ್ಟು ಗಂಟೆ ತಂಪಿನಲ್ಲಿತ್ತು ಎಂಬುದು ಬೇಕೇ ಬೇಕು.

ಚೀಟಿ ಎರಡು: ಒಂದು ಮಣಿಕಟ್ಟಿಗೆ, ಒಂದು ಕಾಲಿನ ಹೆಬ್ಬೆರಳಿಗೆ. ನೀರಿಗೆ ಅಳಿಯದ ಶಾಯಿಯಲ್ಲಿ ಬರೆದಿರಬೇಕು. ಬಾಡಿ ಬ್ಯಾಗಿನ ಮೇಲೆ ಮೂರನೆಯದನ್ನು ಅಂಟಿಸಬಹುದು, ಆದರೆ ಬ್ಯಾಗಿನ ಮೇಲೆ ಮಾತ್ರ ಅಂಟಿಸಿದ ಚೀಟಿ ಲೆಕ್ಕಕ್ಕಿಲ್ಲ. ಬ್ಯಾಗ್ ಬದಲಾಗುತ್ತದೆ.

ಒಳಗೆ ತಂದ ಕೂಡಲೇ ಸಿಬ್ಬಂದಿಗೆ ಒಂದು ಆಸೆ ಹುಟ್ಟುತ್ತದೆ, ದೇಹವನ್ನು ಒಂದಿಷ್ಟು ಶುಚಿ ಮಾಡೋಣ ಎಂದು. ಸದುದ್ದೇಶದ್ದೇ, ಆದರೆ ತಡೆಯಲೇಬೇಕು. ಪರೀಕ್ಷೆಗೆ ಮೊದಲು ತೊಳೆಯಬಾರದು, ಬಟ್ಟೆ ಬಿಚ್ಚಬಾರದು, ಆಸ್ಪತ್ರೆಯಲ್ಲಿ ಹಾಕಿದ ಟ್ಯೂಬು, ಸೂಜಿ, ಬ್ಯಾಂಡೇಜು ತೆಗೆಯಬಾರದು. ಸಿಬ್ಬಂದಿ ಕಿತ್ತ ಸೂಜಿಯ ತೂತು ಮುಂದೆ ಗಾಯವೆಂದೂ ಕಾಣಬಹುದು. ಕೈಯಲ್ಲಿ ಕೂದಲು, ಗುಂಡಿನ ಮದ್ದಿನ ಮಸಿ ಇರಬಹುದಾದ ಪ್ರಕರಣಗಳಲ್ಲಿ ಎರಡೂ ಕೈಗೆ ಕಾಗದದ ಚೀಲ ಕಟ್ಟಿ. ಪ್ಲಾಸ್ಟಿಕ್ ಬೇಡ, ಒಳಗೆ ಬೆವರಿದಂತೆ ನೀರು ಕೂರುತ್ತದೆ. ನೇಣಿನ ಹಗ್ಗದ ಗಂಟನ್ನು ಯಾರೂ ಬಿಚ್ಚಕೂಡದು. ವೈದ್ಯರೇ ಗಂಟಿನಿಂದ ದೂರದಲ್ಲಿ ಕತ್ತರಿಸಿ, ಕತ್ತರಿಸಿದ ತುದಿಗಳನ್ನು ದಾರದಿಂದ ಕಟ್ಟಿಡುತ್ತಾರೆ. ವಿಷದ ಪ್ರಕರಣವಾದರೆ ತುರ್ತು ವಿಭಾಗದಲ್ಲಿ ಹೊಟ್ಟೆ ತೊಳೆದ ನೀರು, ತೆಗೆದಿಟ್ಟ ಬಟ್ಟೆ ಎಲ್ಲಿವೆ ಎಂದು ಆಗಲೇ ಕೇಳಿ. ಮರುದಿನ ಕೇಳಿದರೆ ಕಸದ ಗಾಡಿ ಹೋಗಿರುತ್ತದೆ.

ಇನ್ನೊಂದು ಪ್ರಶ್ನೆಯನ್ನೂ ಇದೇ ಹೊತ್ತಿನಲ್ಲಿ ಕೇಳಬೇಕು. ಮೃತಪಟ್ಟವರು ವಿವಾಹಿತ ಮಹಿಳೆಯೇ, ಮದುವೆಯಾಗಿ 7 ವರ್ಷ ತುಂಬಿದೆಯೇ? ತುಂಬಿಲ್ಲದಿದ್ದರೆ ಶವ ಪಂಚನಾಮೆ ಪಿಎಸ್‌ಐ ಕೈಯಲ್ಲಿಲ್ಲ, ತಹಶೀಲ್ದಾರರು ಬರಬೇಕು. ಪೊಲೀಸ್ ವಶದಲ್ಲಿ ಅಥವಾ ಜೈಲಿನಲ್ಲಿ ಆದ ಸಾವಿಗೆ ನ್ಯಾಯಾಂಗ ಮ್ಯಾಜಿಸ್ಟ್ರೇಟರ ವಿಚಾರಣೆ, ಶವಪರೀಕ್ಷೆಯ ವಿಡಿಯೊ. 2024ರ ಜುಲೈ 1ರಿಂದ ಇವು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194 ಮತ್ತು 196ನೇ ಕಲಮುಗಳ ಕೆಳಗೆ ಬರುತ್ತವೆ. ಹಳೆಯ ನಮೂನೆಗಳಲ್ಲಿ ಇರುವುದು ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 174, 176. ಈ ಪ್ರಶ್ನೆ ಬೆಳಿಗ್ಗೆ ಕೇಳದೆ ಮಧ್ಯಾಹ್ನ 3ಕ್ಕೆ ಹೊಳೆದರೆ ತಹಶೀಲ್ದಾರರು ಬರುವಷ್ಟರಲ್ಲಿ ಸಂಜೆಯಾಗುತ್ತದೆ, ಇಡೀ ಕುಟುಂಬ ಇನ್ನೊಂದು ರಾತ್ರಿ ಮರದ ಕೆಳಗೆ ಕೂರಬೇಕಾಗುತ್ತದೆ.

ಸೂರ್ಯಾಸ್ತದ ನಂತರ ಪರೀಕ್ಷೆ ಮಾಡಬಾರದೆಂಬ ಹಳೆಯ ನಿಯಮ 2021ರ ನವೆಂಬರ್‌ನಲ್ಲಿ ಸಡಿಲವಾಗಿದೆ. ಸಾಕಷ್ಟು ಬೆಳಕು, ಸೌಕರ್ಯ ಇದ್ದು ಪೂರ್ತಿ ವಿಡಿಯೊ ಮಾಡುವುದಾದರೆ ರಾತ್ರಿಯೂ ಮಾಡಬಹುದು. ಕೊಲೆ, ಆತ್ಮಹತ್ಯೆ, ಅತ್ಯಾಚಾರ, ಕೊಳೆತ ಶವ, ಅನುಮಾನಾಸ್ಪದ ಸಾವುಗಳಿಗೆ ಮಾತ್ರ ಕಾನೂನು ಸುವ್ಯವಸ್ಥೆಯ ತುರ್ತು ಇಲ್ಲದೆ ರಾತ್ರಿ ಪರೀಕ್ಷೆ ಇಲ್ಲ. ಅಂಗದಾನದ ಪ್ರಕರಣಕ್ಕೆ ಆದ್ಯತೆ.

ಟೇಬಲ್ಲಿನ ಹತ್ತಿರ

ಟೇಬಲ್ಲಿನ ಮೇಲೆ ಒಂದು ಹೊತ್ತಿಗೆ ಒಂದೇ ಚೂಪಾದ ಉಪಕರಣ ಚಲಿಸಬೇಕು. ದೇಹದೊಳಗೆ ಒಂದು ಹೊತ್ತಿಗೆ ಒಬ್ಬರ ಕೈ ಮಾತ್ರ. ಬ್ಲೇಡ್ ತೆಗೆಯುವುದು ಫೋರ್ಸೆಪ್ಸಿನಿಂದ, ಬೆರಳಿನಿಂದಲ್ಲ. ಎಡಗೈಗೆ ಒಳಗವಸಿನ ಮೇಲೆ ಬ್ಲೇಡ್ ತಗುಲಿದರೂ ಕತ್ತರಿಸಿಹೋಗದ ನೂಲಿನ ಗವಸು, ಅದರ ಮೇಲೆ ಇನ್ನೊಂದು ನೈಟ್ರೈಲ್ ಗವಸು. ಹೊಲಿಗೆ ಹಾಕುವಾಗ ಎಚ್ಚರ ಹೆಚ್ಚಿರಲಿ. ಕೆಲಸ ಮುಗಿಯಿತೆಂದು ಮನಸ್ಸು ಹಗುರವಾದ ಹೊತ್ತು ಅದು, ದಪ್ಪ ಸೂಜಿ ಎದುರಿನವರ ಕೈಗೇ ಬರುತ್ತದೆ.

ದೇಹ ತೆರೆಯುವುದು, ಅಂಗಗಳನ್ನು ನೋಡುವುದು ವೈದ್ಯರ ಕೆಲಸ. ಸಹಾಯಕರು ಎತ್ತಿಡುತ್ತಾರೆ, ವೈದ್ಯರ ಕಣ್ಣೆದುರು ಬುರುಡೆ ಗರಗಸದಿಂದ ಬಿಡಿಸುತ್ತಾರೆ, ತೂಗುತ್ತಾರೆ, ಹೊಲಿಯುತ್ತಾರೆ. ವೈದ್ಯರು ಬಾಗಿಲಲ್ಲಿ ನಿಂತು ಬರೆದುಕೊಳ್ಳುವ ಪದ್ಧತಿ ನಿಮ್ಮಲ್ಲಿದ್ದರೆ ಅದನ್ನು ವಿಭಾಗದ ಮುಖ್ಯಸ್ಥರಿಗೆ ಲಿಖಿತವಾಗಿ ತಿಳಿಸಿ. ನ್ಯಾಯಾಲಯದಲ್ಲಿ ಪಾಟೀಸವಾಲು ಎದುರಿಸುವವರು ವೈದ್ಯರು, ಕಾಣದ್ದನ್ನು ಕಂಡೆನೆಂದು ಅವರು ಹೇಳುವಂತಾಗಬಾರದು.

ನಮ್ಮ ಹಳ್ಳಿಗಾಡಿನ ಜಿಲ್ಲೆಗಳಲ್ಲಿ ಕೀಟನಾಶಕದ ಸಾವುಗಳು ಬಂದೇ ಬರುತ್ತವೆ. ಕಾಳಿಗೆ ಇಡುವ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆ ನುಂಗಿದವರ ಹೊಟ್ಟೆಯಲ್ಲಿ ಫಾಸ್ಫೀನ್ ಅನಿಲ ಇರುತ್ತದೆ. ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನ ವಾಸನೆ ಅದರ ಸುಳಿವು. ಜಠರ ತೆರೆಯುವ ಮುನ್ನ ಎಲ್ಲ ಕಿಟಕಿ ತೆರೆದು, ಎಕ್ಸಾಸ್ಟ್ ಫ್ಯಾನ್ ಹಾಕಿ, ಬೇಡದವರನ್ನು ಹೊರಗೆ ಕಳಿಸಿ. ಎನ್95 ಮಾಸ್ಕ್ ಅನಿಲವನ್ನು ತಡೆಯುವುದಿಲ್ಲ, ಇದನ್ನು ಸಿಬ್ಬಂದಿಗೆ ಬಾಯಿಬಿಟ್ಟು ಹೇಳಬೇಕು. ಆರ್ಗನೋಫಾಸ್ಫೇಟ್ ಕೀಟನಾಶಕ ಕುಡಿದವರ ಬಟ್ಟೆ, ವಾಂತಿಯಿಂದ ವಿಷ ಚರ್ಮದ ಮೂಲಕವೇ ಒಳಹೋಗುತ್ತದೆ. ಕ್ಷಯದ ಶಂಕೆಯಿದ್ದರೆ ಎನ್95 ಬೇಕೇ ಬೇಕು. ಕ್ಷಯ, ರೇಬೀಸ್ ಎರಡರಲ್ಲೂ ವಿದ್ಯುತ್ ಗರಗಸದ ಬದಲು ಕೈಗರಗಸ ಬಳಸಿ, ಒದ್ದೆ ಬಟ್ಟೆ ಹೊದಿಸಿ ಕೊಯ್ಯಿಸಿ. ಎಚ್‌ಐವಿ ಇದೆ ಎಂದು ಹಲಗೆಯ ಮೇಲೆ ಬರೆಯಬೇಡಿ. ಪ್ರತಿ ಶವವನ್ನೂ ಸೋಂಕಿರುವುದೆಂದೇ ಎಣಿಸಿದರೆ ಬರೆಯುವ ಅಗತ್ಯವೂ ಬೀಳುವುದಿಲ್ಲ.

ವಿಸೆರಾ ಮತ್ತು ಬಟ್ಟೆ

ಪ್ರಯೋಗಾಲಯದಿಂದ ವಿಸೆರಾ (ವಿಷದ ಪರೀಕ್ಷೆಗೆ ತೆಗೆದಿಟ್ಟ ಒಳಾಂಗಗಳು) ಹಿಂದಿರುಗುವುದು ಹೆಚ್ಚಾಗಿ ಸಣ್ಣ ಕಾರಣಗಳಿಗೆ: ಮುಚ್ಚಳ ಸೋರಿದ್ದು, ಚೀಟಿ ಅಳಿಸಿದ್ದು, ಮುದ್ರೆಯ ಮಾದರಿ ಇಲ್ಲದ್ದು. ಹಾಗಾಗಿ ಹಿಂದಿನ ದಿನವೇ ಸಾಮಾನು ಸಿದ್ಧವಿರಲಿ. ಅಗಲ ಬಾಯಿಯ 1 ಲೀಟರ್ ಬಾಟಲಿ ಎರಡು. ಒಂದರಲ್ಲಿ ಜಠರ ಮತ್ತು ಸಣ್ಣಕರುಳಿನ ಮೊದಲ 30 ಸೆಂ.ಮೀ. ಭಾಗ, ಒಳಗಿರುವುದೂ ಸೇರಿ. ಇನ್ನೊಂದರಲ್ಲಿ 500 ಗ್ರಾಂ ಯಕೃತ್ತು, ಎರಡೂ ಮೂತ್ರಪಿಂಡಗಳಿಂದ ಅರ್ಧರ್ಧ. ಮೂರನೆಯ ಸಣ್ಣ ಬಾಟಲಿಯಲ್ಲಿ 10 ಮಿ.ಲೀ. ರಕ್ತ, ಅದಕ್ಕೆ ಪ್ರತಿ ಮಿ.ಲೀ.ಗೆ 10 ಮಿ.ಗ್ರಾಂ ಸೋಡಿಯಂ ಫ್ಲೋರೈಡ್, ಜೊತೆಗೆ ಪೊಟ್ಯಾಸಿಯಂ ಆಕ್ಸಲೇಟ್.

ಅಂಗಗಳಿಗೆ ಉಪ್ಪಿನ ದ್ರಾವಣ. ಲೀಟರ್ ನೀರಿನಲ್ಲಿ ಕರಗುವುದು ಸುಮಾರು 360 ಗ್ರಾಂ; ನೀವು 400 ಗ್ರಾಂ ಹಾಕಿ, ತಳದಲ್ಲಿ ಕರಗದ ಉಪ್ಪು ಕಾಣುತ್ತಿದ್ದರೆ ಮಾತ್ರ ದ್ರಾವಣ ಪೂರ್ಣ. ಆಮ್ಲ, ಕ್ಷಾರ ಕುಡಿದ ಪ್ರಕರಣಕ್ಕೆ ಉಪ್ಪು ಬೇಡ, ರೆಕ್ಟಿಫೈಡ್ ಸ್ಪಿರಿಟ್ (ಶುದ್ಧೀಕರಿಸಿದ ಮದ್ಯಸಾರ). ಮದ್ಯ, ಫಾಸ್ಫರಸ್, ಫಿನಾಲ್ ಶಂಕೆ ಇದ್ದಲ್ಲಿ ಸ್ಪಿರಿಟ್ ಸಲ್ಲದು. ಫಾರ್ಮಲಿನ್ ರಾಸಾಯನಿಕ ಪರೀಕ್ಷೆಗೆ ಎಂದೂ ಸಲ್ಲದು. ಅದು ಹಿಸ್ಟೋಪೆಥಾಲಜಿಗೆ ಮಾತ್ರ, ಒಂದು ಭಾಗ ಫಾರ್ಮಲಿನ್‌ಗೆ ಒಂಬತ್ತು ಭಾಗ ನೀರು, ತುಣುಕಿನ ಹತ್ತು ಪಟ್ಟು ದ್ರಾವಣ. ರಾಸಾಯನಿಕ ಪರೀಕ್ಷೆಯ ದ್ರಾವಣ, ಫಾರ್ಮಲಿನ್ ಎರಡರ ಡಬ್ಬಿಗಳನ್ನು ಬೇರೆ ಬೇರೆ ಕಪಾಟಿನಲ್ಲಿಡಿ, ಬಣ್ಣದ ಪಟ್ಟಿ ಅಂಟಿಸಿ. ಬಾಟಲಿಯನ್ನು ಮೂರರಲ್ಲಿ ಎರಡು ಪಾಲು ಮಾತ್ರ ತುಂಬಿ, ಅನಿಲ ಕೂಡಿದರೆ ಮುಚ್ಚಳ ಹಾರುತ್ತದೆ. ಬಳಸಿದ ದ್ರಾವಣದ ಮಾದರಿಯೂ ಬೇರೆ ಬಾಟಲಿಯಲ್ಲಿ ಹೋಗಬೇಕು.

ರಕ್ತದ ಬಟ್ಟೆಯನ್ನು ನೆರಳಿನಲ್ಲಿ ಫ್ಯಾನ್ ಕೆಳಗೆ ಒಣಗಿಸಿ, ಕಂದು ಕಾಗದದಲ್ಲಿ ಕಟ್ಟಿ. ಹಸಿಯಾಗಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದ ಬಟ್ಟೆಯಲ್ಲಿ ಬೂಷ್ಟು ಹಿಡಿದು ಡಿಎನ್‌ಎ ಹೋಗುತ್ತದೆ. ಅರಗಿನ ಮುದ್ರೆ ಹಾಕಿ, ಮುದ್ರೆಯ ಮಾದರಿ ಪ್ರತ್ಯೇಕ ಕಾಗದದಲ್ಲಿ ಕೊಡಿ. ಒಯ್ಯುವ ಕಾನ್‌ಸ್ಟೆಬಲ್ಲರ ಹೆಸರು, ಬಿಲ್ಲೆ ಸಂಖ್ಯೆ, ವೇಳೆ, ಸಹಿ ರಿಜಿಸ್ಟರಿನಲ್ಲಿ. ಮುದ್ರೆ ಮೇಲ್ವಿಚಾರಕರ ಅಥವಾ ವೈದ್ಯರ ಬಳಿ ಬೀಗದಲ್ಲಿರಬೇಕು, ಮೇಜಿನ ಮೇಲೆ ಅಲ್ಲ.

ಶವ ಒಪ್ಪಿಸುವಾಗ

ಇಬ್ಬರು ನಿಂತು ಮಾಡುವ ಕೆಲಸ ಇದು, ಎಷ್ಟೇ ಜನದಟ್ಟಣೆ ಇದ್ದರೂ. ಒಬ್ಬರು ದೇಹದ ಮೇಲಿನ ಚೀಟಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ರಿಜಿಸ್ಟರ್ ನೋಡಿ ಹೊಂದುತ್ತದೆ ಎನ್ನಬೇಕು. ನಂತರ ಪೊಲೀಸರ ಎದುರು ವಾರಸುದಾರರು ಮುಖ ನೋಡಬೇಕು. ಮುಖ ಗುರುತಿಸುವಂತಿಲ್ಲದಿದ್ದರೆ ಹಚ್ಚೆ, ಮಚ್ಚೆ, ಆಭರಣ, ಬಟ್ಟೆ. ಅವೂ ಸಾಲದಿದ್ದರೆ ಡಿಎನ್‌ಎ ಫಲಿತಾಂಶದವರೆಗೆ ಕೊಡಬೇಡಿ, ಯಾರು ಫೋನ್ ಮಾಡಿದರೂ. ಅದಲು ಬದಲಾಗುವುದು ಬಹುತೇಕ ಒಂದೇ ಅಪಘಾತದ ಇಬ್ಬರು, ಒಂದೇ ವಯಸ್ಸಿನ ಇಬ್ಬರು, ಒಂದೇ ಹೆಸರಿನ ಇಬ್ಬರು ಒಟ್ಟಿಗೆ ಇದ್ದಾಗ. ಅಂಥ ದಿನ ಎರಡನೆಯ ಶವಕ್ಕೆ ಕೆಂಪು ಪಟ್ಟಿ ಕಟ್ಟಿಸಿ.

ಬಿಳಿ ಬಟ್ಟೆ, ಹೊಲಿಗೆ ದಾರ, ಹತ್ತಿ, ಬಾಡಿ ಬ್ಯಾಗ್ ಆಸ್ಪತ್ರೆಯ ಉಗ್ರಾಣದಿಂದಲೇ ಬರಬೇಕು. ಅವು ಖಾಲಿಯಾದ ದಿನವೇ ದುಃಖದಲ್ಲಿರುವ ಮನೆಯವರಿಂದ ಹಣ ಕೇಳುವ ಚಾಳಿ ಶುರುವಾಗುವುದು. ಮೊದಲು ಬಟ್ಟೆಗೆಂದು, ಆಮೇಲೆ ಬೇಗ ಕೊಡುವುದಕ್ಕೆಂದು. ತಿಂಗಳಿನ ಅಂದಾಜಿಗಿಂತ ಅರ್ಧಪಟ್ಟು ಹೆಚ್ಚು ದಾಸ್ತಾನಿಡಿ, ‘ಇಲ್ಲಿ ಯಾರಿಗೂ ಹಣ ಕೊಡಬೇಕಿಲ್ಲ’ ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆಸಿ, ದೂರು ಹೇಳಬೇಕಾದ ಅಧಿಕಾರಿಯ ಸಂಖ್ಯೆಯನ್ನೂ ಹಾಕಿ.

ಶುಚಿ

ಪ್ರತಿ ಶವದ ನಂತರ ಮೊದಲು ಸೋಪಿನ ನೀರು, ಆಮೇಲೆ ಕ್ಲೋರಿನ್. ರಕ್ತ ಉಳಿದ ಮೇಲ್ಮೈಯಲ್ಲಿ ಕ್ಲೋರಿನ್ ತನ್ನ ಶಕ್ತಿ ಕಳೆದುಕೊಳ್ಳುತ್ತದೆ. 1 ಶೇಕಡಾ ದ್ರಾವಣಕ್ಕೆ 30 ಶೇಕಡಾ ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್ ಲೀಟರಿಗೆ ಸುಮಾರು 33 ಗ್ರಾಂ, ಅಥವಾ 5 ಶೇಕಡಾ ಹೈಪೋಕ್ಲೋರೈಟ್ ಒಂದು ಭಾಗಕ್ಕೆ ನಾಲ್ಕು ಭಾಗ ನೀರು. ದಿನವೂ ಹೊಸದು ಕಲಸಬೇಕು. ಸ್ಟೀಲ್ ಟೇಬಲ್ಲಿನ ಮೇಲೆ 10 ನಿಮಿಷ ಬಿಟ್ಟು ನೀರಿನಿಂದ ತೊಳೆಯಿರಿ, ಇಲ್ಲದಿದ್ದರೆ ತುಕ್ಕು. ಆಮ್ಲ, ಫಾರ್ಮಲಿನ್ ಜೊತೆ ಬ್ಲೀಚಿಂಗ್ ಎಂದೂ ಬೆರೆಸಬಾರದು. ಅಂಗಾಂಶ, ರಕ್ತದ ಹತ್ತಿ ಹಳದಿ ಚೀಲಕ್ಕೆ, ಗವಸು ಕೆಂಪಿಗೆ, ಚೂಪಾದದ್ದು ಬಿಳಿ ಡಬ್ಬಿಗೆ, ಗಾಜು ನೀಲಿಗೆ. 48 ಗಂಟೆಯೊಳಗೆ ಸಾಗಬೇಕು.

ಸಿಬ್ಬಂದಿ

ಹೆಪಟೈಟಿಸ್ ಬಿ ಲಸಿಕೆ 0, 1, 6ನೇ ತಿಂಗಳು. ಅಲ್ಲಿಗೆ ನಿಲ್ಲಿಸದೆ, ಒಂದೆರಡು ತಿಂಗಳ ನಂತರ ಆಂಟಿ-ಎಚ್‌ಬಿಎಸ್ (ಲಸಿಕೆಯಿಂದ ರಕ್ತದಲ್ಲಿ ಹುಟ್ಟುವ ಪ್ರತಿಕಾಯ) ಮಟ್ಟ 10 ಎಂಐಯು/ಮಿ.ಲೀ. ದಾಟಿದೆಯೇ ಎಂದು ಪರೀಕ್ಷಿಸಿ. ಹೊರಗುತ್ತಿಗೆಯವರಿಗೆ ಇದು ತಪ್ಪಿಹೋಗುತ್ತದೆ, ಏಕೆಂದರೆ ಅವರು ಯಾರ ಪಟ್ಟಿಯಲ್ಲೂ ಇರುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಇರಲಿ. ಅವರ ಪಿಎಫ್, ಇಎಸ್‌ಐ ಕಟ್ಟಿದ್ದಾರೆಯೇ ಎಂದೂ ಕೇಳಿ. ಚುಚ್ಚಿಕೊಂಡರೆ ಗಾಯ ಹಿಂಡದೆ ಸೋಪು ನೀರಿನಿಂದ ತೊಳೆದು, ಸಾಧ್ಯವಾದರೆ 2 ಗಂಟೆಯೊಳಗೆ ಎಚ್‌ಐವಿ ತಡೆ ಮಾತ್ರೆ ಶುರು ಮಾಡಿಸಬೇಕು; 72 ಗಂಟೆ ದಾಟಿದರೆ ಪ್ರಯೋಜನವಿಲ್ಲ, ಕೋರ್ಸು 28 ದಿನ. ಮಾತ್ರೆ ರಾತ್ರಿ ಎಲ್ಲಿ ಸಿಗುತ್ತದೆ ಎಂಬುದು ಗೋಡೆಯ ಮೇಲಿರಲಿ.

ರಾತ್ರಿ ಪಾಳಿಗೆ ಕನಿಷ್ಠ ಇಬ್ಬರು. ವಾಸನೆ, ದೃಶ್ಯ ತಡೆಯಲು ಕುಡಿಯುವವರು ಈ ಕೆಲಸದಲ್ಲಿ ಇದ್ದಾರೆ. ಕುಡಿದು ಬಂದವರನ್ನು ಆ ದಿನ ಟೇಬಲ್ಲಿಗೆ ಬಿಡಬೇಡಿ, ಆದರೆ ನೋಟಿಸಿನ ಜೊತೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರ ಬಳಿಗೂ ಕಳಿಸಿ; ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಮಕ್ಕಳ ಶವಗಳನ್ನು ಸತತವಾಗಿ ಒಬ್ಬರಿಗೇ ಹಾಕಬೇಡಿ. ಬಿಸಿನೀರಿನ ಸ್ನಾನಗೃಹ, ಊಟಕ್ಕೆ ಬೇರೆ ಕೋಣೆ ಇಲ್ಲದಿದ್ದರೆ ಹೊಸ ಫ್ರೀಜರಿಗಿಂತ ಮೊದಲು ಅದನ್ನೇ ಕೇಳಿ.

ಒಳಗೆ ಮೊಬೈಲ್ ಬೇಡ. ಪ್ರಕರಣದ ಫೋಟೊಗೆ ಒಂದೇ ಅಧಿಕೃತ ಕ್ಯಾಮೆರಾ. ಎಲ್ಲ ಸರ್ಕಾರಿ, ಖಾಸಗಿ ಆಸ್ಪತ್ರೆಗಳ ಶವಾಗಾರಗಳಲ್ಲಿ ಆರು ತಿಂಗಳೊಳಗೆ ಸಿಸಿಟಿವಿ ಅಳವಡಿಸಬೇಕೆಂದು ಕರ್ನಾಟಕ ಹೈಕೋರ್ಟ್ 2023ರ ಮೇ ತಿಂಗಳಲ್ಲಿ ಹೇಳಿದೆ, ಮಹಿಳೆಯರ ಮೃತದೇಹಗಳ ಘನತೆಯನ್ನು ಕಾಯಲು. ಕ್ಯಾಮೆರಾ ಇದ್ದರೆ ಸಾಲದು, ರೆಕಾರ್ಡ್ ಆಗುತ್ತಿದೆಯೇ ಎಂದು ವಾರಕ್ಕೊಮ್ಮೆ ಹಿಂದಿನ ಒಂದು ರಾತ್ರಿಯನ್ನು ತೆರೆದು ನೋಡಿ.

ಪ್ರತಿ ಶನಿವಾರ ವಿಸೆರಾ ಕಪಾಟು ತೆರೆದು, ಠಾಣೆಯವರು ಒಯ್ಯದೆ ಬಿಟ್ಟ ಬಾಟಲಿಗಳ ಪಟ್ಟಿ ಮಾಡಿ. ಏಳು ದಿನ ದಾಟಿದ್ದಕ್ಕೆ ಠಾಣೆಗೆ ಪತ್ರ, ಅದರ ಪ್ರತಿ ಎಸ್‌ಪಿ ಕಚೇರಿಗೆ. ಮೇಲಿನ ಮುದ್ರೆ ಬಿರುಕು ಬಿಟ್ಟಿದ್ದರೆ ನೀವೇ ಅರಗು ಹಚ್ಚಬೇಡಿ; ವೈದ್ಯರನ್ನು ಕರೆದು, ಬಿರುಕು ಕಂಡ ದಿನ, ವೇಳೆ ಬರೆಸಿ ಸಹಿ ಹಾಕಿಸಿಕೊಳ್ಳಿ.