ಹಳೆಯ ಜೀಪಿನ ಚಾಸಿಸ್‌ಗೆ ಹೊಸ ತುಂಡು ಕೂರಿಸುವುದು ಹೇಗೆ?

ಮಳೆಗಾಲ ಕಳೆದು ಕಾಫಿ ಹಣ್ಣಾಗುವ ಹೊತ್ತಿಗೆ ಮಲೆನಾಡಿನ ಗ್ಯಾರೇಜುಗಳ ಮುಂದೆ ಹಳೆಯ ಜೀಪುಗಳು ಬಂದು ನಿಲ್ಲುತ್ತವೆ. ಮಹೀಂದ್ರಾ ಕಂಪನಿ ಮುಂಬೈಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸಲು ಶುರುಮಾಡಿದ್ದು 1940ರ ದಶಕದ ಕೊನೆಯಲ್ಲಿ. ಆಮೇಲೆ ಬಂದ, ಬಾನೆಟ್ ಎತ್ತರವಿರುವ ಸಿಜೆ-3ಬಿ ಮಾದರಿಯನ್ನು ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ತೋಟಗಳಲ್ಲಿ ಈಗಲೂ ಜೋಪಾನ ಮಾಡುವವರಿದ್ದಾರೆ. ಇಂತಹ ಗಾಡಿಗೆ ಎಂಜಿನ್ ಬದಲಾಗಿರುತ್ತದೆ, ಬಾಡಿಯೂ ಬದಲಾಗಿರುತ್ತದೆ. ಗಾಡಿಯ ಭಾರವೆಲ್ಲ ಹೊರುವ ಕೆಳಗಿನ ಚೌಕಟ್ಟು, ಅಂದರೆ ಚಾಸಿಸ್, ಮಾತ್ರ ಮೊದಲಿನದೇ. ಕೆಸರು ಕೂರುವುದೂ ತುಕ್ಕು ತಿನ್ನುವುದೂ ಅದನ್ನೇ.

ನನ್ನ ಜೀಪಿನ ಎಡಬದಿಯ ರೈಲು (ಚಾಸಿಸ್ಸಿನ ಉದ್ದಕ್ಕೂ ಹೋಗುವ ತೊಲೆ) ಹಿಂದೊಮ್ಮೆ ತೂತಾದಾಗ ಗ್ಯಾರೇಜೊಂದರಲ್ಲಿ ಅದರ ಮೇಲೊಂದು ಚೌಕದ ಪ್ಲೇಟ್ ಇಟ್ಟು ನಾಲ್ಕೂ ಬದಿ ವೆಲ್ಡ್ ಮಾಡಿಕೊಟ್ಟರು. ನಾಣ್ಯ ಜೋಡಿಸಿಟ್ಟಂತೆ ಚೆಂದದ ವೆಲ್ಡಿಂಗ್. ಎರಡನೇ ಮಳೆಗಾಲಕ್ಕೆ ಗೊಬ್ಬರದ ಮೂಟೆ ಹೇರಿಕೊಂಡು ತೋಟದ ದಾರಿ ಹತ್ತುವಾಗ ರೈಲು ಬಿರಿಯಿತು. ಬಿರಿದದ್ದು ತುಕ್ಕಿನ ಜಾಗದಲ್ಲಲ್ಲ, ಪ್ಲೇಟಿನ ಅಂಚಿನಲ್ಲಿ, ನೇರವಾಗಿ ನಿಂತ ವೆಲ್ಡಿನ ಪಕ್ಕದಲ್ಲೇ, ಗೆರೆ ಎಳೆದ ಹಾಗೆ. ಚಾಸಿಸ್ ಬಳುಕಲೆಂದೇ ಮಾಡಿದ ವಸ್ತು. ದಪ್ಪ ಪ್ಲೇಟ್ ಇರುವ ಕಡೆ ಬಳುಕಲಾರದೆ, ಆ ಬಳುಕೆಲ್ಲ ಪ್ಲೇಟ್ ಮುಗಿಯುವ ಗೆರೆಗೆ ಬಂದು ಬೀಳುತ್ತದೆ. ವೆಲ್ಡಿನ ಬಿಸಿಗೆ ಗುಣ ಕೆಟ್ಟ ಕಬ್ಬಿಣ ಇರುವುದೂ ಅಲ್ಲೇ. ಹಾಗಾಗಿ ಈ ಕೆಲಸದಲ್ಲಿ ವೆಲ್ಡಿಂಗ್ ಎಷ್ಟು ನುಣುಪು ಎಂಬುದಕ್ಕಿಂತ ಎಲ್ಲಿ, ಯಾವ ಆಕಾರದಲ್ಲಿ ಕತ್ತರಿಸುತ್ತೀರಿ ಎಂಬುದು ಮುಖ್ಯ.

ಮೊದಲು ಕಾಗದಪತ್ರ

ಚಾಸಿಸ್ ನಂಬರ್ ಕೆತ್ತಿರುವ ತುಂಡನ್ನು ಯಾವ ಕಾರಣಕ್ಕೂ ಕತ್ತರಿಸಬೇಡಿ. ಕೆಲಸಕ್ಕೆ ಮೊದಲೇ ನಂಬರಿನ ಪೆನ್ಸಿಲ್ ಪ್ರಿಂಟ್ ತೆಗೆದು, ಫೋಟೊ ಹೊಡೆದಿಟ್ಟುಕೊಳ್ಳಿ. ಐವತ್ತು ವರ್ಷ ದಾಟಿದ ಕಾರುಗಳನ್ನು ವಿಂಟೇಜ್ ಎಂದು ನೋಂದಾಯಿಸಲು 2021ರಲ್ಲಿ ಬಂದ ಕೇಂದ್ರದ ನಿಯಮ, ಚಾಸಿಸ್ಸಿನಲ್ಲಿ ಮಾರ್ಪಾಡು ಆಗಿರಬಾರದು ಎನ್ನುತ್ತದೆ. ಆ ನೋಂದಣಿಯ ಆಸೆಯಿದ್ದರೆ ಗ್ರೈಂಡರ್ ಹಿಡಿಯುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

ಕೊಳೆತದ್ದು ಎಷ್ಟು?

ಕೆಸರು ತೊಳೆದು, ವೈರ್ ಬ್ರಷ್ ಹಾಕಿ, ಸಣ್ಣ ಸುತ್ತಿಗೆಯಿಂದ ರೈಲಿನ ಉದ್ದಕ್ಕೂ ತಟ್ಟುತ್ತಾ ಬನ್ನಿ. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ, ಕೊಳೆತದ್ದು ಒದ್ದೆ ಹಲಗೆಯಂತೆ ಡಬ್ ಎನ್ನುತ್ತದೆ. ಒಂದರ ಮೇಲೊಂದು ಪ್ಲೇಟ್ ಕೂತಿರುವ ಕಡೆ, ಕಮಾನ್ ಪ್ಲೇಟನ್ನು (ಸ್ಪ್ರಿಂಗ್ ಪಟ್ಟಿ) ರೈಲಿಗೆ ಹಿಡಿಸುವ ಹ್ಯಾಂಗರ್ ಸುತ್ತಮುತ್ತ, ಎರಡು ರೈಲುಗಳನ್ನು ಬೆಸೆಯುವ ಅಡ್ಡತೊಲೆಯಾದ ಹಿಂದಿನ ಕ್ರಾಸ್ ಮೆಂಬರ್ ಸೇರುವ ಮೂಲೆಯಲ್ಲಿ ಕಿವಿಗೊಟ್ಟು ಕೇಳಿ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಎರಡು ಪ್ಲೇಟುಗಳ ನಡುವೆ ಉಬ್ಬಿ ಅವನ್ನು ದೂರ ತಳ್ಳಿರುತ್ತದೆ. ಉಳಿದ ದಪ್ಪವನ್ನು ವರ್ನಿಯರ್‌ನಲ್ಲಿ ಅಳೆದು ನೋಡಿ. ಕಾಲುಭಾಗ ಸವೆದಿದ್ದರೆ ಅದನ್ನು ಕೊಳೆತದ್ದೆಂದೇ ನಾನು ಲೆಕ್ಕ ಹಾಕುತ್ತೇನೆ. ತೆಳು ಕಬ್ಬಿಣಕ್ಕೆ ಹೊಸ ಕಬ್ಬಿಣ ಅಂಟಿಸಿದರೆ ಮುಂದಿನ ವರ್ಷ ಮತ್ತೆ ಅದೇ ಕೆಲಸ.

ಸ್ಟೀರಿಂಗ್ ಬಾಕ್ಸ್ ಕೂರುವ ಭಾಗವೇ ಕೊಳೆತಿದ್ದರೆ ಮಾತ್ರ ಮೊದಲ ಪ್ರಯತ್ನವನ್ನು ಅಲ್ಲಿ ಮಾಡಬೇಡಿ. ಚಾಸಿಸ್ ಕೆಲಸ ಮಾಡಿ ಪಳಗಿದವರಿಗೆ ಒಪ್ಪಿಸಿ.

ಅಳತೆ, ಆಧಾರ

ಈ ಜೀಪಿನಲ್ಲಿ ಪೆಟ್ರೋಲ್ ಟ್ಯಾಂಕ್ ಇರುವುದು ಡ್ರೈವರ್ ಸೀಟಿನ ಕೆಳಗೇ. ಅದನ್ನು ಬಿಚ್ಚಿ ಶೆಡ್ಡಿನಿಂದಾಚೆ ಇಡಿ. ಖಾಲಿ ಟ್ಯಾಂಕೆಂದು ಉದಾಸೀನ ಬೇಡ, ಒಳಗೆ ಉಳಿದ ಆವಿಯೇ ಸಿಡಿಯುವುದು. ರೈಲಿನ ಪಕ್ಕದ ಪೆಟ್ರೋಲ್ ಪೈಪು, ಬ್ರೇಕ್ ಪೈಪುಗಳನ್ನೂ ಬ್ಯಾಟರಿಯ ಎರಡೂ ಟರ್ಮಿನಲ್‌ಗಳನ್ನೂ ಬಿಚ್ಚಿ.

ಸಮತಟ್ಟಾದ ಸಿಮೆಂಟ್ ನೆಲದಲ್ಲಿ ಗಾಡಿಯನ್ನು ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ. ಕತ್ತರಿಸುವ ಜಾಗದ ಎರಡೂ ಬದಿಗೆ ಆಧಾರ ಇರಲೇಬೇಕು, ಇಲ್ಲದಿದ್ದರೆ ಕತ್ತರಿಸಿದ ಕೂಡಲೇ ರೈಲು ಜಗ್ಗುತ್ತದೆ. ಗಾರೆ ಕೆಲಸದವರ ಲೆವೆಲ್ ಪೈಪಿಗೆ ನೀರು ತುಂಬಿ ಎಡ, ಬಲ ರೈಲುಗಳ ಮಟ್ಟ ನೋಡಿ. ಕಾರ್ಖಾನೆಯಲ್ಲೇ ಕೊರೆದಿರುವ ತೂತುಗಳಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಹಾಕಿ, ಮೂಲೆಯಿಂದ ಮೂಲೆಗೆ ಟೇಪ್ ಹಿಡಿಯಿರಿ. ಎರಡು ಕರ್ಣಗಳ ವ್ಯತ್ಯಾಸ 3 ಮಿ.ಮೀ. ಮೀರಿದ್ದರೆ ಚಾಸಿಸ್ ಆಗಲೇ ವಾರೆಯಾಗಿದೆ. ಮೊದಲು ಅದನ್ನು ಸರಿಪಡಿಸಬೇಕು. ಅಳತೆಗಳನ್ನು ಗೋಡೆಯ ಮೇಲೆ ಬರೆದಿಡಿ, ಕೆಲಸ ಮುಗಿಯುವವರೆಗೆ ಹತ್ತು ಸಲವಾದರೂ ಬೇಕಾಗುತ್ತವೆ. ಎರಡು ರೈಲುಗಳ ನಡುವೆ ಆ್ಯಂಗಲ್ ತುಂಡೊಂದನ್ನು ತಾತ್ಕಾಲಿಕವಾಗಿ ಟ್ಯಾಕ್ (ಅಲ್ಲಲ್ಲಿ ಚುಕ್ಕಿಯಷ್ಟು ವೆಲ್ಡ್) ಮಾಡಿಬಿಡಿ.

ಕತ್ತರಿಸುವುದು

ರೈಲನ್ನು ತುದಿಯಿಂದ ನೋಡಿದರೆ ‘ಸಿ’ ಆಕಾರ. ಮೇಲೊಂದು ಮಡಿಕೆ, ಕೆಳಗೊಂದು ಮಡಿಕೆ, ನಡುವೆ ನಿಂತ ಗೋಡೆ. ಗಾಡಿ ಕುಲುಕಿದಾಗ ಒಂದು ಮಡಿಕೆ ಒತ್ತಿಕೊಳ್ಳುತ್ತದೆ, ಇನ್ನೊಂದು ಎಳೆದುಕೊಳ್ಳುತ್ತದೆ. ಗೋಡೆಯ ನಡುಮಧ್ಯಕ್ಕೆ ಈ ಎಳೆದಾಟ ಹೆಚ್ಚು ತಟ್ಟುವುದಿಲ್ಲ. ಮೇಲಿಂದ ಕೆಳಕ್ಕೆ ಒಂದೇ ನೇರ ಗೆರೆಯಲ್ಲಿ ಕತ್ತರಿಸಿದರೆ ಎರಡೂ ಮಡಿಕೆಗಳ ವೆಲ್ಡ್ ಒಂದೇ ಕಡೆ ಬೀಳುತ್ತದೆ. ನನ್ನ ಜೀಪು ಬಿರಿದದ್ದು ಇಂತಹ ಒಂದು ಗೆರೆಯಲ್ಲೇ.

ಆದ್ದರಿಂದ ಮೆಟ್ಟಿಲಿನ ಹಾಗೆ ಕತ್ತರಿಸಿ. ಮೇಲಿನ ಮಡಿಕೆಯನ್ನು ಒಂದು ಕಡೆ ಓರೆಯಾಗಿ ಕತ್ತರಿಸಿ ಗೋಡೆಯ ನಡುವಿನವರೆಗೆ ಇಳಿಯಿರಿ. ಅಲ್ಲಿಂದ ರೈಲಿನುದ್ದಕ್ಕೆ ಅರ್ಧ ಅಡಿಯಷ್ಟು ಅಡ್ಡ ಹೋಗಿ, ಮತ್ತೆ ಓರೆಯಾಗಿ ಕೆಳಗಿನ ಮಡಿಕೆಗೆ ಇಳಿಯಿರಿ. ಒಳಮೂಲೆಗಳಲ್ಲಿ ಮೊದಲೇ ಡ್ರಿಲ್ ತೂತು ಹೊಡೆದುಕೊಂಡರೆ ಮೂಲೆ ಚೂಪಾಗುವುದಿಲ್ಲ. ಹ್ಯಾಂಗರ್, ಕ್ರಾಸ್ ಮೆಂಬರ್, ರಿವೆಟ್, ತೂತು ಇವುಗಳಿಂದ ಕನಿಷ್ಠ 10 ಸೆಂ.ಮೀ. ದೂರವಿರಿ. ಇದನ್ನೆಲ್ಲ ಮೊದಲು ರಟ್ಟಿನಲ್ಲಿ ಕತ್ತರಿಸಿ ರೈಲಿಗೆ ಹಿಡಿದು ನೋಡುವುದು ನನ್ನ ಪದ್ಧತಿ. ರಟ್ಟು ತಪ್ಪಿದರೆ ಇನ್ನೊಂದು ರಟ್ಟು ಸಿಗುತ್ತದೆ.

ಹೊಸ ತುಂಡಿಗೆ ಮೂಲ ರೈಲಿನಷ್ಟೇ ದಪ್ಪದ ಮೈಲ್ಡ್ ಸ್ಟೀಲ್ ಸಾಕು. ‘ಇನ್ನೂ ದಪ್ಪ ಹಾಕಿ ಸಾರ್, ಗಟ್ಟಿಯಾಗಿರುತ್ತೆ’ ಎಂಬ ಸಲಹೆ ಬಂದೇ ಬರುತ್ತದೆ. ಒಪ್ಪಬೇಡಿ. ಅದು ಚೌಕದ ಪ್ಲೇಟಿನ ಕಥೆಯೇ. ಬೆಂಡಿಂಗ್ ಮೆಷಿನ್ ಇರುವ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ರಟ್ಟಿನ ಅಚ್ಚು ಕೊಟ್ಟರೆ ಮಡಚಿಕೊಡುತ್ತಾರೆ. ಅದೇ ದಪ್ಪದ ಇನ್ನೊಂದು ತುಂಡನ್ನು ಜೋಡಣೆಯ ಒಳಬದಿಗೆ ಸ್ಲೀವ್ ಮಾಡಿಸಿ. ಅದು ಜೋಡಣೆಯ ಆಚೀಚೆ ಒಂದೊಂದು ಗೇಣು ಹೋಗಲಿ. ಸ್ಲೀವಿನ ತುದಿ ನೇರ ಬೇಡ. ಕುಡಿ ಬಾಳೆಲೆಯ ಹಾಗೆ ಮೊನಚಾಗುತ್ತಾ ಮುಗಿಯಲಿ. ಆಗ ಬಳುಕು ಒಮ್ಮೆಗೇ ನಿಲ್ಲದೆ ನಿಧಾನಕ್ಕೆ ಕರಗುತ್ತದೆ.

ವೆಲ್ಡಿಂಗ್

ಜೋಡಣೆಯ ಎರಡೂ ಬದಿ ಒಂದೊಂದು ಇಂಚು ಬಣ್ಣ, ತುಕ್ಕು, ಗ್ರೀಸ್ ಹೋಗಿ ಬಿಳಿ ಕಬ್ಬಿಣ ಕಾಣಬೇಕು. ಕ್ಲೋರಿನ್ ಬೆರೆತ ಬ್ರೇಕ್ ಕ್ಲೀನರ್ ಬಳಸಿ ಒರೆಸಬೇಡಿ, ವೆಲ್ಡಿಂಗ್ ಆರ್ಕಿನ ಬೆಳಕು ಬಿದ್ದರೆ ಅದು ವಿಷಾನಿಲವಾಗುತ್ತದೆ. ಅಂಚುಗಳನ್ನು 30 ಡಿಗ್ರಿ ಓರೆಯಾಗಿ ತೇಯ್ದು, ನಡುವೆ 2 ಮಿ.ಮೀ. ಸಂದು ಬಿಡಿ. ಹಿಂದೆ ಸ್ಲೀವ್ ಇರುವುದರಿಂದ ಕರಗಿದ ಲೋಹ ಸೋರದೆ ಬುಡದವರೆಗೂ ಕೂರುತ್ತದೆ. ಸ್ಲೀವ್ ಮುಚ್ಚಿಹೋಗುವ ಕಡೆ ವೆಲ್ಡಿಂಗ್ ಪ್ರೈಮರ್ ಬಳಿಯಿರಿ.

ಸಿಒಟು ಮೆಷಿನ್ (ಗ್ಯಾಸ್ ಹಾಯಿಸುತ್ತಾ ತಂತಿಯಿಂದ ವೆಲ್ಡ್ ಮಾಡುವುದು) ಇದ್ದರೆ ಒಳ್ಳೆಯದು. ರಾಡ್ ಬಳಸುವ ಆರ್ಕ್ ಆದರೆ ಗ್ರಿಲ್ ಅಂಗಡಿಯ ಮಾಮೂಲಿ 6013 ರಾಡ್ ಬಿಟ್ಟು 7018 ತನ್ನಿ. ಈ ರಾಡಿಗೆ ತೇವ ಶತ್ರು. ಹೀರಿಕೊಂಡ ನೀರಿನಂಶದ ಹೈಡ್ರೋಜನ್ ವೆಲ್ಡಿನೊಳಗೆ ಸೇರಿ, ತಣಿದ ಎಷ್ಟೋ ಗಂಟೆಗಳ ಮೇಲೂ ಬಿರುಕು ಹುಟ್ಟಿಸಬಹುದು. ಮಲೆನಾಡಿನ ಶೆಡ್ಡಿನಲ್ಲಿ ತಿಂಗಳಿಂದ ಬಾಯ್ತೆರೆದು ಬಿದ್ದಿರುವ ಪ್ಯಾಕೆಟ್ ಇದಕ್ಕಾಗದು. ಹೊಸ ಪ್ಯಾಕ್ ಒಡೆಯಿರಿ, ಇಲ್ಲವೇ ಓವನ್ನಿನಲ್ಲಿ 300 ಡಿಗ್ರಿ ದಾಟಿಸಿ ಒಣಗಿಸಿದ ರಾಡ್ ತನ್ನಿ.

ಅರ್ಥ್ ಕ್ಲಾಂಪನ್ನು ರೈಲಿಗೇ, ವೆಲ್ಡಿನ ಹತ್ತಿರದಲ್ಲೇ ಹಾಕಿ. ಆ್ಯಕ್ಸಲ್‌ಗೆ ಹಾಕಿದರೆ ಕರೆಂಟು ಬೇರಿಂಗ್ ಮೂಲಕ ಹರಿದು ಅದನ್ನು ಹಾಳುಮಾಡುತ್ತದೆ. ಕಮಾನ್ ಪ್ಲೇಟುಗಳ ಮೇಲೆ ತಗಡು ಮುಚ್ಚಿ. ಒಂದು ಕಿಡಿ ಅಂಟಿಕೊಂಡ ಜಾಗದಿಂದಲೂ ಅವು ತುಂಡಾಗಬಹುದು.

ಮೊದಲು ಎಲ್ಲ ಕಡೆ ಟ್ಯಾಕ್ ಮಾತ್ರ. ಕೂಡಲೇ ಕರ್ಣ ಅಳೆಯಿರಿ, ಲೆವೆಲ್ ನೋಡಿ. ವೆಲ್ಡ್ ತಣಿಯುವಾಗ ಕುಗ್ಗಿ ರೈಲನ್ನು ತನ್ನೆಡೆಗೆ ಎಳೆಯುತ್ತದೆ. ಅದಕ್ಕೇ ಒಂದಿಂಚು ಮೇಲೆ, ಒಂದಿಂಚು ಕೆಳಗೆ, ಮತ್ತೆ ಇನ್ನೊಂದು ತುದಿಯಲ್ಲಿ ಹೀಗೆ ಜಾಗ ಬದಲಿಸುತ್ತಾ ಹೋಗಿ, ನಡುನಡುವೆ ಅಳತೆ ನೋಡಿ. ಬಿಸಿ ವೆಲ್ಡಿಗೆ ನೀರು ಹಾಕಲೇಬೇಡಿ. ಸ್ಲೀವನ್ನು ಹಿಡಿಸಲು ಗೋಡೆಯ ನಡುಭಾಗದಲ್ಲಿ 10 ಮಿ.ಮೀ. ತೂತು ಕೊರೆದು ವೆಲ್ಡ್ ತುಂಬಿ. ಸ್ಲೀವಿನ ಮೊನೆಗೆ ಅಡ್ಡಲಾಗಿ ವೆಲ್ಡ್ ಬೇಡ, ಓರೆ ಅಂಚಿನ ಉದ್ದಕ್ಕೆ ಮಾತ್ರ. ಮಡಿಕೆಯ ಮೇಲಿನ ವೆಲ್ಡನ್ನು ತೇಯುವಾಗ ಗ್ರೈಂಡರ್ ರೈಲಿನುದ್ದಕ್ಕೆ ಓಡಲಿ. ಅಡ್ಡಗೀರೇ ಬಿರುಕಿಗೆ ದಾರಿ ತೋರಿಸುತ್ತದೆ.

ಬಣ್ಣಕ್ಕೆ ಮೊದಲು, ಬಣ್ಣದ ನಂತರ

ಒಂದು ರಾತ್ರಿ ಬಿಟ್ಟು, ಕಣ್ಣಿಗೆ ಕಾಣದ ಬಿರುಕು ಹುಡುಕುವ ಡಿಪಿ (ಡೈ ಪೆನೆಟ್ರೆಂಟ್) ಟೆಸ್ಟ್ ಮಾಡಿ. ಕೆಂಪು ದ್ರವ ಸಿಂಪಡಿಸಿ, ಹತ್ತು ನಿಮಿಷ ಬಿಟ್ಟು ಒರೆಸಿ, ಬಿಳಿ ಡೆವಲಪರ್ ಹೊಡೆದಾಗ ಕೆಂಪು ಗೆರೆ ಮೂಡಿದರೆ ಅದು ಬಿರುಕು. ತೇಯ್ದು ತೆಗೆದು ಮತ್ತೆ ವೆಲ್ಡ್ ಮಾಡಬೇಕು. ಸರಿಯಿದ್ದರೆ ಜಿಂಕ್ ಪ್ರೈಮರ್, ಬಣ್ಣ, ಒಳಭಾಗಕ್ಕೆ ವ್ಯಾಕ್ಸ್. ನೀರು ಇಳಿಯುವ ತೂತುಗಳನ್ನು ಮುಚ್ಚಬೇಡಿ.

500 ಕಿ.ಮೀ. ಓಡಿಸಿದ ಮೇಲೆ ಕಮಾನ್ ಪ್ಲೇಟುಗಳನ್ನು ಆ್ಯಕ್ಸಲ್ಲಿಗೆ ಹಿಡಿದಿರುವ ಯು-ಬೋಲ್ಟ್‌ಗಳನ್ನು ಬಿಗಿ ಮಾಡಿ. ಆಗಲೇ ಟಾರ್ಚ್ ಹಿಡಿದು ಕೆಳಗೆ ಮಲಗಿ ಜೋಡಣೆಯ ತುದಿಗಳನ್ನು ನೋಡಿ. ಹೊಸ ಬಣ್ಣದ ಮೇಲೆ ಕೂದಲೆಳೆಯಷ್ಟು ಕಂದು ಗೆರೆ ಕಂಡರೂ, ಅದು ತೊಳೆದರೆ ಹೋಗುವ ಕೆಸರೋ ಮತ್ತೆ ಮತ್ತೆ ಒಸರುವ ತುಕ್ಕೋ ಎಂದು ಬಟ್ಟೆಯಲ್ಲಿ ಒರೆಸಿ, ಮಾರನೇ ದಿನ ಮತ್ತೊಮ್ಮೆ ನೋಡಿ. ಒಸರುತ್ತಿದ್ದರೆ ಗಾಡಿಗೆ ಲೋಡ್ ಹೇರಬೇಡಿ.